ಕಟ್ ಹೇಳದ ಮಧ್ಯಾಹ್ನ

ಗಂಡನ ಮೂಗಿಗೆ ಇಟ್ಟಿದ್ದ ಹತ್ತಿಯನ್ನು ಹುಲಿಗೆಮ್ಮ ಮೂರನೆಯ ಸಲ ಕಿತ್ತು ತೆಗೆದಳು.

"ಅತ್ತಿಗೇ!" ಎಂದು ಅಂಗಳದಲ್ಲಿ ಬಿದಿರು ಸೀಳಿಸುತ್ತಿದ್ದ ಭೈರಪ್ಪ ಅಲ್ಲಿಂದಲೇ ಕೂಗಿದ. ಅವನು ತೀರಿಕೊಂಡ ಧರ್ಮಪ್ಪನ ತಮ್ಮ. ಜನ್ನಾಪುರದ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮುಂದೆ ನಿಂತು ನಡೆಸುವವನು ಅವನೇ. ಈಗ ಸ್ವಂತ ಅಣ್ಣನೇ ಹೋದಾಗಲೂ ಅಳುವುದನ್ನು ಸಂಜೆಗೆ ಇಟ್ಟುಕೊಂಡು ಕೆಲಸಕ್ಕೆ ನಿಂತಿದ್ದ. "ಏನ್ ಮಾಡ್ತಿದೀರಾ ನೀವು? ನೊಣ ಮುತ್ತುತ್ತೆ, ಇಡಿ ಅದನ್ನ. ಬಂದೋರೆಲ್ಲ ನೋಡ್ತಿದಾರೆ."

"ಹಿಂಗೆ ಒತ್ತಿ ತುರುಕಿದೀರಲ್ಲ ಭೈರಪ್ಪ. ಉಸಿರಾಡೋಕೆ ದಾರಿನೇ ಇಲ್ಲ."

ಸುತ್ತ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಪ್ರೇಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋ ಎಂದು ಅತ್ತಳು. ಪಾಪ, ಬುದ್ಧಿ ಕಲಕಿದೆ ಎಂದು ಎಲ್ಲರೂ ಅಂದುಕೊಂಡರು. ಹಾಗೆ ಅಂದುಕೊಳ್ಳುವುದು ಸುಲಭವಿತ್ತು. ನಲವತ್ನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸು ನಿನ್ನೆ ಮಧ್ಯಾಹ್ನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಐಸ್ ಪೆಟ್ಟಿಗೆ ತರಿಸ್ತೀನಿ ಎಂದ ಮಗನಿಗೆ, "ಬೇಡ ಮುರಳಿ, ನಿಮ್ಮಪ್ಪನಿಗೆ ಥಂಡಿ ಆಗಲ್ಲ" ಎಂದಿದ್ದಳು. ಕೇಳಿದವರ ಕರುಳು ಚುರ್ ಎಂದಿತ್ತು.

ಆದರೆ ಹುಲಿಗೆಮ್ಮನ ಬುದ್ಧಿ ನೆಟ್ಟಗೇ ಇತ್ತು. ಅವಳಿಗೆ ಆಗುತ್ತಿದ್ದದ್ದು ಭಯ. ದುಃಖ ಇನ್ನೂ ಆ ಮನೆಯ ಹೊಸಿಲು ದಾಟಿರಲಿಲ್ಲ; ಭಯವೇ ಬಾಗಿಲು ತುಂಬ ನಿಂತಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿಯಲ್ಲಿ ಒಂದು ಪುಟ್ಟ ಗಂಟಿತ್ತು. ಅದರೊಳಗಿದ್ದದ್ದನ್ನು ಅವಳು ನಿನ್ನೆಯಿಂದ ಯಾರಿಗೂ ತೋರಿಸಿರಲಿಲ್ಲ. ಗಳಿಗೆಗೊಮ್ಮೆ ಕೈ ತಾನಾಗಿ ಅಲ್ಲಿಗೆ ಹೋಗಿ ಗಂಟು ಬಿಚ್ಚಿಲ್ಲ ತಾನೇ ಎಂದು ನೋಡಿಕೊಳ್ಳುತ್ತಿತ್ತು.

ಮಗಳು ಅಕ್ಷಯಾ ಬಂದು ಪಕ್ಕದಲ್ಲಿ ಕೂತಳು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಹದಿನೈದು ವರ್ಷದಿಂದ ನರ್ಸು. ಸುದ್ದಿ ತಿಳಿದ ಒಂದು ಗಂಟೆಯಲ್ಲಿ ಬಂದವಳೇ ಮೊದಲು ಅಪ್ಪನ ಕತ್ತಿನ ನರ ಮುಟ್ಟಿ, ಕಣ್ಣು ಬಿಡಿಸಿ ನೋಡಿ, ಆಮೇಲೆ ಅತ್ತಿದ್ದಳು.

"ಅಮ್ಮ, ನಾನೇ ನೋಡಿದೀನಿ. ಅಪ್ಪ ಹೋಗಿದಾರೆ."

"ದುರ್ಗಿಗುಡಿ ಮನೇಲೂ ನೀನೇ ನೋಡಿದ್ದೆ."

ಅಕ್ಷಯಾ ಹತ್ತಿಯನ್ನು ಅಮ್ಮನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಅಪ್ಪನ ಮೂಗಿಗೆ ಇಟ್ಟಳು. ಇಡುವಾಗ ಅವಳ ಕಣ್ಣು ಅಪ್ಪನ ಎಡಗೈ ಮೇಲೆ ನಿಂತಿತು. ಮುಷ್ಟಿ ಬಿಗಿದಿತ್ತು. ಬೆರಳ ಸಂದಿನಲ್ಲಿ ಚಾಪೆಯ ಒಂದು ಕಡ್ಡಿ ಮುರಿದು ಸಿಕ್ಕಿಕೊಂಡಿತ್ತು.

ಹುಲಿಗೆಮ್ಮ ತಟ್ಟನೆ ಪಂಚೆಯ ಅಂಚನ್ನು ಎಳೆದು ಆ ಕೈ ಮುಚ್ಚಿದಳು.

*

ಧರ್ಮಪ್ಪ ಸಾಯುವುದನ್ನು ಕಲಿತದ್ದು ಉಕ್ಕಿನ ಕಾರ್ಖಾನೆಯ ನಾಟಕಗಳಲ್ಲಿ. ಕುಲುಮೆಯ ಮುಂದೆ ಎಂಟು ಗಂಟೆ ಬೆಂದು ಬಂದವನು ಸಂಜೆ ನ್ಯೂ ಟೌನಿನ ಮೈದಾನದ ಸ್ಟೇಜ್ ಹತ್ತಿ ಸೈನಿಕನಾಗುತ್ತಿದ್ದ, ದೂತನಾಗುತ್ತಿದ್ದ. ಮಾತು ಮಾತ್ರ ನೆನಪಿರುತ್ತಿರಲಿಲ್ಲ. ನಾಲ್ಕು ಸಾಲಿನಲ್ಲಿ ಎರಡು ನುಂಗಿಬಿಡುತ್ತಿದ್ದ. ಅದಕ್ಕೇ ಎರಡನೇ ದೃಶ್ಯದೊಳಗೆ ಸಾಯುವ ಪಾತ್ರಗಳನ್ನೇ ಅವನಿಗೆ ಕೊಡುತ್ತಿದ್ದರು. ಸತ್ತು ಬಿದ್ದ ಮೇಲೆ ಪರದೆ ಇಳಿಯುವ ತನಕ ಅವನ ಹೊಟ್ಟೆ ಅಲ್ಲಾಡುತ್ತಿರಲಿಲ್ಲ ಎನ್ನುವುದನ್ನು ಮುಂದಿನ ಸಾಲಿನ ಹೆಂಗಸರು ಮೊದಲು ಕಂಡುಹಿಡಿದರು.

ಒಂದು ವರ್ಷ ಭದ್ರಾ ಹೊಳೆ ದಂಡೆಗೆ ಸಿನಿಮಾದವರು ಬಂದರು. ಹೆಣವಾಗಬೇಕಿದ್ದ ಮುದುಕ ಚಟ್ಟ ನೋಡಿದ್ದೇ, ಹೆಂಡತಿ ಮಾಂಗಲ್ಯದ ಮೇಲೆ ಆಣೆ ಇಟ್ಟು ಮಲಗಲ್ಲ ಅಂದ. ಬದುಕಿರುವಾಗ ಚಟ್ಟದ ಮೇಲೆ ಮಲಗಲು ಯಾರಿಗೆ ಧೈರ್ಯ? ಶಿಫ್ಟ್ ಮುಗಿಸಿ ಖಾಕಿ ಬಟ್ಟೆಯಲ್ಲೇ ನೋಡುತ್ತ ನಿಂತಿದ್ದ ಧರ್ಮಪ್ಪ, "ನಾನು ಮಲಗ್ತೀನಿ ಸಾರ್" ಎಂದುಬಿಟ್ಟ. ಅವತ್ತು ಮನೆಗೆ ಬಂದವನನ್ನು ಹುಲಿಗೆಮ್ಮ ಒಳಗೆ ಸೇರಿಸಲಿಲ್ಲ. ಹಿತ್ತಲಲ್ಲೇ ತಲೆಗೆ ನೀರು ಹುಯ್ದು, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅವನೇ ಶುರು ಮಾಡಿದ: "ಸತ್ತೋನ ಜೊತೆ ಮುನಿಸ್ಕೊಂಡ್ರೆ ಏನ್ ಬಂತು ಮಾರಾಯ್ತಿ?" ನಗಬಾರದು ಅಂದುಕೊಂಡರೂ ಅವಳಿಗೆ ನಗು ಬಂತು.

ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತಗೊಂಡ ಮೇಲೆ ಅದೇ ಅವನ ಕೆಲಸವಾಯಿತು. ಸಿನಿಮಾಗಳಿಗೆ, ಟೀವಿ ಸೀರಿಯಲ್ಲುಗಳಿಗೆ ಸಣ್ಣ ಪಾತ್ರದವರನ್ನು ಹೊಂದಿಸಿಕೊಡುವ ಪರಮೇಶ್ ಎಂಬುವನು ಶಿವಮೊಗ್ಗದಲ್ಲಿದ್ದ. ಅವನ ಫೋನು ಬಂದರೆ ಮನೆಯಲ್ಲಿ ಹಬ್ಬ. "ಧರ್ಮಣ್ಣ, ಸೋಮವಾರ ಒಂದ್ ಸಾವಿದೆ, ಬರ್ತೀರಾ?" ಬೆಂಗಳೂರಿನ ರೈಲು ಹತ್ತಿ ಹೋಗಿ ಸತ್ತು ಬರುತ್ತಿದ್ದ. ಸಾಹುಕಾರನಾಗಿ ಸತ್ತ, ಜಡ್ಜ್ ಆಗಿ ಸತ್ತ, ಮಠದ ಸ್ವಾಮಿಯಾಗಿ ಕೂತಲ್ಲೇ ಸತ್ತ. ಮೊದಲ ವಾರದಲ್ಲೇ ಸಾಯುತ್ತಿದ್ದರೂ, ಆಮೇಲೆ ಎರಡು ವರ್ಷ ಆ ಸೀರಿಯಲ್ಲಿನ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿರುತ್ತಿದ್ದ. ಹೆಂಗಸರು ಟೀವಿ ಮುಂದೆ ಕೂತು ಸೊಸೆಯ ಕಷ್ಟ ನೋಡಿ ಅತ್ತರೆ, ಹುಲಿಗೆಮ್ಮ ಗೋಡೆಯ ಕಡೆ ಮಾತ್ರ ನೋಡುತ್ತಿದ್ದಳು. ಬೀದಿಯ ಮಕ್ಕಳು ಅವನಿಗೆ ಸಾಯೋ ತಾತ ಅಂತ ಹೆಸರಿಟ್ಟರು. ಒಂದೇ ಒಂದು ಸಲ ಮಾತಿರುವ ಪಾತ್ರ ಸಿಕ್ಕಿತ್ತು, ರಿಟೈರಾದ ಹೆಡ್‌ಮಾಸ್ಟರು. ಆರು ದಿನ ಮಾತಾಡಿದ. ಏಳನೇ ದಿನ ಡೈರೆಕ್ಟರು ಬೆನ್ನು ತಟ್ಟಿ, ಧರ್ಮಪ್ಪನವರೇ, ನೀವು ಬೇಗ ಸತ್ತರೆ ಎಲ್ಲರಿಗೂ ಒಳ್ಳೇದು ಅಂದನಂತೆ. ಇದನ್ನು ಅವನೇ ಬಂದು ಹೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ. ಆದರೆ ಅವತ್ತು ರಾಗಿಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅದನ್ನು ಅವಳು ಮರೆತಿರಲಿಲ್ಲ.

ಒಮ್ಮೆ ಶೂಟಿಂಗಿನಲ್ಲಿ ಹತ್ತಿಯನ್ನು ಯಾರೋ ಮೂಗಿನೊಳಕ್ಕೆ ಗಿಡಿದು ತುಂಬಿ, ದವಡೆಗೆ ಬಟ್ಟೆಯನ್ನೂ ಬಿಗಿದುಬಿಟ್ಟರು. ಉಸಿರು ಕಟ್ಟಿ ಮುಖ ಕಪ್ಪಿಟ್ಟು, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದ. ಹುಲಿಗೆಮ್ಮ ಬಯ್ಯಲಿಲ್ಲ. ದೇವರಿಗೆ ಹೂಬತ್ತಿ ಹೊಸೆಯುವ ಹತ್ತಿ ತಂದು ಕೂತಳು. ಹಂಚಿಕಡ್ಡಿಯ ಸುತ್ತ ತೆಳ್ಳಗೆ ಸುತ್ತಿ, ಒದ್ದೆ ಬೆರಳಲ್ಲಿ ಹೊಸೆದು, ಕಡ್ಡಿ ಎಳೆದು ತೆಗೆದಳು. ನಡುವೆ ಒಂದು ಸಣ್ಣ ದಾರಿ ಉಳಿಯಿತು. ಹೊರಗಿನಿಂದ ನೋಡಿದರೆ ತುಂಬಿದ ಹತ್ತಿಯೇ. ಒಳಗೆ ಗಾಳಿ ಓಡಾಡುತ್ತದೆ. ಹಿಡಿದು ಎಳೆಯಲು ಇರಲಿ ಅಂತ ತುದಿಗೆ ಒಂದು ಎಳೆ ಬಿಟ್ಟಳು. ಅಂದಿನಿಂದ ಪ್ರತಿ ಸಾವಿಗೂ ಹೆಂಡತಿ ಮಾಡಿಕೊಟ್ಟ ಜೋಡಿ ಹತ್ತಿ ಅವನ ಶೇವಿಂಗ್ ಡಬ್ಬಿಯಲ್ಲಿ ಹೋಗುತ್ತಿತ್ತು.

ಅವಳು ಶೂಟಿಂಗ್ ನೋಡಿದ್ದು ಒಂದೇ ಸಲ, ಶಿವಮೊಗ್ಗದ ದುರ್ಗಿಗುಡಿಯ ಒಂದು ಹಳೇ ಮನೆಯಲ್ಲಿ. ಆಗ ಅಕ್ಷಯಾ ಅಲ್ಲೇ ನರ್ಸಿಂಗ್ ಓದುತ್ತಿದ್ದಳು, ಅವಳೂ ಬಂದಿದ್ದಳು. ಧರ್ಮಪ್ಪ ಪಡಸಾಲೆಯಲ್ಲಿ ಸತ್ತು ಮಲಗಿದ್ದ. ಸುತ್ತ ಐದಾರು ಜನ ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡು ಅಳುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು, ಜನರೇಟರೂ ಕೈಕೊಟ್ಟಿತು. ಡೈರೆಕ್ಟರು ಯಾರನ್ನೋ ಬಯ್ಯುತ್ತ ಹೊರಗೆ ಹೋದ. ಉಳಿದವರು ಊಟಕ್ಕೆ ಹೋದರು. ಧರ್ಮಪ್ಪ ಏಳಲಿಲ್ಲ. ಒಂದು ನೊಣ ಬಂದು ಅವನ ತುಟಿಯ ಮೇಲೆ ಕೂತು ಅತ್ತಿಂದಿತ್ತ ಓಡಾಡಿತು. ಹುಲಿಗೆಮ್ಮ ಮೂಲೆಯಿಂದ ಎದ್ದು ಹತ್ತಿರ ಹೋದಳು. "ರೀ... ಏಳ್ರೀ." ಭುಜ ಅಲ್ಲಾಡಿಸಿದಳು. ಆಮೇಲೆ ಅವಳ ಗಂಟಲಿನಿಂದ ಬಂದ ಕೂಗು ಬೀದಿಯ ತುದಿಗೂ ಕೇಳಿಸಿತಂತೆ. ಅಕ್ಷಯಾ ಓಡಿ ಬಂದು ನಾಡಿ ಹಿಡಿದಳು. ಕಲಿಯುತ್ತಿದ್ದ ಹುಡುಗಿ, ಗಾಬರಿಯಲ್ಲಿ ಬೆರಳು ನಡುಗಿ ನಾಡಿ ಸಿಗಲೇ ಇಲ್ಲ. "ಅಮ್ಮ, ಸಿಗ್ತಿಲ್ಲಮ್ಮ" ಎಂದು ಅಳತೊಡಗಿದಳು. ಹೊರಗಿನಿಂದ ಓಡಿಬಂದ ಡೈರೆಕ್ಟರು ನೋಡಿ, ಹಣೆ ಚಚ್ಚಿಕೊಂಡು, "ಕಟ್! ಧರ್ಮಪ್ಪನೋರೇ, ಕಟ್!" ಎಂದ.

ಧರ್ಮಪ್ಪ ಎದ್ದು ಕೂತ. "ಏನೇ, ಶಾಟ್ ನಡುವೆ ಬಂದು ಮುಟ್ತೀಯಲ್ಲ? ಕಟ್ ಹೇಳ್ದೆ ಹೆಣ ಏಳುತ್ತಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಲಿಗೆಮ್ಮನಿಗೆ ಮಾತ್ರ ಅವತ್ತು ಹೊಕ್ಕ ನಡುಕ ಪೂರ್ತಿ ಹೋಗಲೇ ಇಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಲವಗೊಪ್ಪ ದಾಟುವಾಗ ಅವನು ಅವಳ ಕೈ ಹಿಡಿದುಕೊಂಡ. ನಾಲ್ಕು ಜನರೆದುರು ಹಾಗೆ ಹಿಡಿದವನೇ ಅಲ್ಲ. "ಇನ್ಮೇಲೆ ಮನೇಲಿ ಪ್ರಾಕ್ಟೀಸ್ ಮಾಡ್ತೀನಿ, ನೀನೇ ಕಟ್ ಹೇಳು. ನೀನ್ ಹೇಳಿದ್ ಕೂಡ್ಲೇ ಏಳ್ತೀನಿ. ಆಣೆ ಹುಲಿಗಿ, ಎಲ್ಲಿದ್ರೂ ಏಳ್ತೀನಿ."

ಹಾಗೇ ನಡೆಯಿತು, ಹದಿನಾರು ವರ್ಷ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ, ಹತ್ತಿ ಇಟ್ಟುಕೊಂಡು ಮಲಗುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಹತ್ತಿಯ ಎಳೆ ಅಲ್ಲಾಡಿದರೆ ಸೋತ. ಎಣಿಕೆ ಮುಗಿದಾಗ "ಕಟ್" ಅನ್ನುತ್ತಿದ್ದಳು. ಅವನು ಎದ್ದು ಕೂತು, "ಕಾಫಿ ಇದೆಯೇನಮ್ಮ?" ಅನ್ನುತ್ತಿದ್ದ. ಮನೆಯಲ್ಲಿದ್ದ ಒಂದು ದಿನವೂ ತಪ್ಪಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ಪರಮೇಶ್ ದೊಡ್ಡ ಸುಗಂಧರಾಜದ ಹಾರ ಹಿಡಿದುಕೊಂಡು ಬಂದ. ಹಾರ ಹಾಕಿ, ಕಾಲು ಮುಟ್ಟಿ, ಮಗುವಿನ ಹಾಗೆ ಬಿಕ್ಕಿದ.

"ನಂಬೋಕಾಗ್ತಿಲ್ಲ ಅಕ್ಕ. ನಿನ್ನೆ ಎರಡೂವರೆಗೆ ಫೋನಲ್ಲಿ ಮಾತಾಡಿದೀನಿ. ಹೊಸ ಸೀರಿಯಲ್ಲು, ಮಂತ್ರಿ ಪಾತ್ರ. ಕ್ಯಾಮೆರಾ ಸುತ್ತ ಒಂದ್ ರೌಂಡ್ ಬರುತ್ತೆ, ತೊಂಬತ್ತು ಎಣಿಸೋ ತನಕ ಉಸಿರು ಕಾಣಬಾರ್ದು ಅಂದೆ. ಎಷ್ಟು ಖುಷಿ ಆಗಿದ್ರು ಅಂತೀರಿ! ಈಗ್ಲೇ ಮಲಗ್ತೀನಿ ಪರಮೇಶಿ, ಹುಲಿಗಿ ಎಣಿಸ್ತಾಳೆ ಅಂದ್ರು."

ಹುಲಿಗೆಮ್ಮ ತಟ್ಟನೆ ತಲೆಯೆತ್ತಿದಳು. ಎದುರಿಗೆ ಅಕ್ಷಯಾ ಕೂತಿದ್ದಳು. ನಿನ್ನೆ ಅವಳಿಗೆ, ಮುರಳಿಗೆ, ಡಾಕ್ಟರಿಗೆ, ಬಂದು ಹೋದವರಿಗೆಲ್ಲ ಹುಲಿಗೆಮ್ಮ ಹೇಳಿದ್ದು ಒಂದೇ ಮಾತು: ಉಂಡು ಮಲಗಿದ್ರು, ನಾನು ಹಿತ್ತಲಲ್ಲಿದ್ದೆ, ನಾಲ್ಕು ಗಂಟೆಗೆ ಎಬ್ಬಿಸೋಕೆ ಹೋದೆ, ಏಳ್ಲಿಲ್ಲ.

ಅಕ್ಷಯಾ ಪಂಚೆ ಸರಿಸಿ ಅಪ್ಪನ ಎಡಗೈಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಎದ್ದು, "ಅಮ್ಮ, ಒಂದ್ ನಿಮಿಷ ಬಾ" ಎಂದಳು.

ಅಡುಗೆ ಮನೆಯ ಒಲೆ ತಣ್ಣಗಿತ್ತು. ಕಟ್ಟೆಯ ಮೇಲೆ ಎರಡು ಲೋಟ ಕಾಫಿ ನಿನ್ನೆಯಿಂದ ಕೆನೆಗಟ್ಟಿ ಹಾಗೇ ಕೂತಿತ್ತು. ಸಾವಿನ ಮನೆಯಲ್ಲಿ ಯಾರೂ ಅದನ್ನು ತೆಗೆದಿರಲಿಲ್ಲ.

"ಅಪ್ಪ ನಿದ್ದೇಲಿ ಹೋಗಿಲ್ಲ ಅಲ್ವಾ?"

"ನಿದ್ದೇಲೇ."

"ಚಾಪೆ ಕಿತ್ತು ಹಿಡ್ಕೊಂಡಿದಾರಮ್ಮ. ನೋವಾಗಿದೆ ಅವರಿಗೆ. ದಿನಾ ಇಂಥದ್ದನ್ನ ನೋಡ್ತೀನಿ ನಾನು." ಅಕ್ಷಯಾಳ ದನಿ ಏರಲಿಲ್ಲ. ಏರಿದ್ದರೆ ಹುಲಿಗೆಮ್ಮನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. "ನೀನು ಹತ್ರ ಇದ್ದೆಯಾ?"

ಹುಲಿಗೆಮ್ಮನ ಕೈ ಸೆರಗಿನ ಗಂಟಿಗೆ ಹೋಯಿತು. ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಮಗಳು ಏನಂದಾಳು? ಅಪ್ಪನನ್ನು ಕೊಂದವಳು ನೀನೇ ಅಂದಾಳು. ಬಾಯಿಬಿಟ್ಟು ಅನ್ನದಿದ್ದರೂ ಇನ್ನು ಬದುಕಿರುವಷ್ಟು ದಿನ ಹಾಗೇ ನೋಡಿಯಾಳು.

"ಇರ್ಲಿಲ್ಲ ಮಗಾ. ಹಿತ್ತಲಲ್ಲಿದ್ದೆ."

ಅಷ್ಟರಲ್ಲಿ ಹೊರಗೆ ತಮಟೆ ಶುರುವಾಯಿತು. ಭೈರಪ್ಪ ಕೂಗುತ್ತಿದ್ದ: "ಗುಣಿ ತೆಗೆದಾಯ್ತಂತೆ. ಎತ್ತೋಣ ಇನ್ನು, ಬಿಸಿಲೇರ್ತಿದೆ. ಮುರಳಿ, ಮಡಿಕೆ ತಗಳಪ್ಪ."

ಗುಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ಹುಲಿಗೆಮ್ಮ ಕಟ್ಟೆಯ ಅಂಚು ಹಿಡಿದುಕೊಂಡಳು. ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ, ಮಣ್ಣು ಮಾಡುವುದು. ಆರಡಿ ಮಣ್ಣಿನ ಕೆಳಗೆ ಅವನು ಮಿಸುಕದೆ, ಕಣ್ಣು ಬಿಡದೆ, ಅವಳ ಒಂದು ಮಾತಿಗೆ ಕಿವಿಕೊಟ್ಟು ಮಲಗಿರುವುದು ಅವಳ ಕಣ್ಣಿಗೆ ಕಟ್ಟಿತು. ಎಲ್ಲಿದ್ದರೂ ಏಳುತ್ತೇನೆ ಎಂದಿದ್ದ. ಹೇಳಬೇಕಾದವಳು ಹೇಳಿರಲಿಲ್ಲ.

*

ನಿನ್ನೆ ಮಧ್ಯಾಹ್ನ ಪರಮೇಶನ ಫೋನು ಮುಗಿದ ಕೂಡಲೇ ಧರ್ಮಪ್ಪ ಚಾಪೆ ಹಾಸಿದ್ದ. "ಮಂತ್ರಿ ಕಣೇ ಈ ಸಲ. ಸರ್ಕಾರಿ ಗೌರವದ ಸಾವು. ಚೆನ್ನಾಗಿ ಎಣಿಸು." ಎಪ್ಪತ್ತೊಂದು ವರ್ಷದ ಮುಖ ಹೊಸ ಅಂಗಿ ಹಾಕಿಸಿಕೊಂಡ ಹುಡುಗನ ಹಾಗೆ ಅರಳಿತ್ತು. ಬೆಳಿಗ್ಗೆಯಿಂದ ಭುಜ ಹಿಡಿದಂತಿದೆ ಎಂದು ಒಂದೆರಡು ಸಲ ಅಂದಿದ್ದ. ಅವಳೇ ಎಣ್ಣೆ ತಿಕ್ಕಿದ್ದಳು.

ಹತ್ತಿ ಇಟ್ಟುಕೊಂಡು ಮಲಗಿದ. ಅವಳು ಬತ್ತಿ ಹೊಸೆಯುತ್ತ ಎಣಿಸತೊಡಗಿದಳು.

ನಲವತ್ತಕ್ಕೆ ಅವನ ಎಡಗೈ ಅಲ್ಲಾಡಿತು. ಬೆರಳುಗಳು ಚಾಪೆಯ ಅಂಚನ್ನು ಹುಡುಕಿ ಹಿಡಿದುಕೊಂಡವು.

"ಕೈ ಅಲ್ಲಾಡ್ತು ಕಣ್ರೀ" ಎಂದಳು ಹುಲಿಗೆಮ್ಮ, ಬತ್ತಿಯಿಂದ ಕಣ್ಣೆತ್ತದೆ. "ಸತ್ತ ಮಂತ್ರಿ ಕೈ ಅಲ್ಲಾಡಿಸ್ತಾನಾ?"

ಕೈ ನಿಂತಿತು.

ಅರವತ್ತು. ಎಂಬತ್ತು. ತೊಂಬತ್ತು ದಾಟಿತು. ಎಳೆ ಅಲ್ಲಾಡಲಿಲ್ಲ. ನೂರು. ಅವಳಿಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತು. ಈ ವಯಸ್ಸಿನಲ್ಲಿ ಇಷ್ಟು ಹೊತ್ತು ಎಂದೂ ಹಿಡಿದಿರಲಿಲ್ಲ. ನೂರಿಪ್ಪತ್ತಕ್ಕೆ ತಡೆಯಲಾರದೆ, "ಭೇಷ್!" ಎಂದು ತೊಡೆ ತಟ್ಟಿದಳು. ಕಟ್ ಹೇಳಬೇಕು ಅನ್ನುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಪ್ರೇಮಮ್ಮ ಕರೆದಳು, ಹಾಲಿಗೆ ಹೆಪ್ಪು ಬೇಕಿತ್ತಂತೆ.

ಇರಲಿ, ಇನ್ನೊಂದು ಗಳಿಗೆ ಮಲಗಿರಲಿ ಅಂದುಕೊಂಡಳು. ಹೇಗೂ ನಾನು ಹೇಳದೆ ಏಳುವವನಲ್ಲ. ಎಷ್ಟು ಹೊತ್ತು ಇರುತ್ತಾನೋ ನೋಡೋಣ ಎನ್ನುವ ಹುಡುಗಾಟವೂ ಸೇರಿತ್ತು. ಹೆಪ್ಪು ಕೊಟ್ಟಳು. ಪ್ರೇಮಮ್ಮ ಸೊಸೆಯ ಸೀಮಂತದ ಮಾತು ತೆಗೆದಳು. ಯಾವ ಸೀರೆ, ಎಷ್ಟು ಬಗೆ ಅನ್ನ, ಬೀಗರು ಎಲ್ಲಿ ಇಳಿದುಕೊಳ್ಳುವುದು, ಹೀಗೆ ಮಾತು ಮುಗಿಯುವಾಗ ಅರ್ಧ ಗಂಟೆ. ಅವನು ನಿದ್ದೆ ಹೋಗಿರುತ್ತಾನೆ ಎಂದು ನಗುತ್ತ, ಎರಡು ಲೋಟ ಕಾಫಿ ಬೆರೆಸಿ ಕೈಗೆತ್ತಿಕೊಂಡು ಬಂದಳು.

ಹೊಸಿಲಲ್ಲಿ ಕಟ್ ಎಂಬ ಮಾತು ತುಟಿಯವರೆಗೆ ಬಂದಿತ್ತು. ಅಲ್ಲೇ ನಿಂತಿತು. ಅವನ ಬೆರಳು ಇನ್ನೂ ಚಾಪೆಯ ಅಂಚನ್ನು ಹಿಡಿದೇ ಇತ್ತು. ನಿದ್ದೆ ಹೋದವರ ಕೈ ಸಡಿಲಾಗುತ್ತದೆ.

ಈಗ ಕಟ್ ಅಂದು, ಅವನು ಏಳದಿದ್ದರೆ?

ಆ ಭಯಕ್ಕೆ ಅವಳು ಹೇಳಲಿಲ್ಲ. ಲೋಟ ವಾಪಸ್ ಇಟ್ಟುಬಂದಳು. ಎಳೆ ಹಿಡಿದು ಎರಡೂ ಹತ್ತಿಯನ್ನು ಎಳೆದು ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಪ್ರೇಮಮ್ಮನನ್ನು ಕೂಗಿದಳು. ಪಕ್ಕದ ರಸ್ತೆಯಿಂದ ಬಂದ ಡಾಕ್ಟರು, "ಹೃದಯ ನಿಂತಿದೆ ತಾಯಿ. ಇಂಥದ್ರಲ್ಲಿ ಮೊದಲ ಹತ್ತು ನಿಮಿಷ ಮುಖ್ಯ. ಯಾರೂ ಹತ್ತಿರ ಇರ್ಲಿಲ್ವಾ?" ಎಂದು ಕೇಳಿದರು.

"ಇರ್ಲಿಲ್ಲ" ಎಂದಳು.

*

ಹೆಂಗಸರು ಬೀದಿಯ ತಿರುವಿನಲ್ಲಿ ನಿಂತರು. ಹುಲಿಗೆಮ್ಮ ನಿಲ್ಲಲಿಲ್ಲ. ಮಡಿಕೆ ಹಿಡಿದ ಮಗನ ಹಿಂದೆ, ಚಟ್ಟದ ಪಕ್ಕಕ್ಕೆ, ಬರಿಗಾಲಲ್ಲಿ ನಡೆದಳು.

"ಅತ್ತಿಗೆ, ನೀವೆಲ್ಲಿಗೆ? ಹೆಂಗಸರು ಗುಣಿ ಹತ್ರ ಬರೋ ಹಂಗಿಲ್ಲ ನಮ್ಮಲ್ಲಿ."

"ಬರ್ಲಿ ಬಿಡಿ ಚಿಕ್ಕಪ್ಪ" ಎಂದಳು ಅಕ್ಷಯಾ. ಅವಳೂ ಅಮ್ಮನ ರಟ್ಟೆ ಹಿಡಿದು ಹೊರಟಿದ್ದಳು. ಹಿಡಿತ ಬಿಗಿಯಾಗಿತ್ತು. ಪ್ರೀತಿಗೆ ಹಿಡಿದದ್ದೋ, ತಪ್ಪಿಸಿಕೊಳ್ಳದ ಹಾಗೆ ಹಿಡಿದದ್ದೋ ಹುಲಿಗೆಮ್ಮನಿಗೆ ತಿಳಿಯಲಿಲ್ಲ.

ರುದ್ರಭೂಮಿ ಹೊಳೆಯ ದಂಡೆಯಲ್ಲಿತ್ತು. ಅಗೆದ ಮಣ್ಣು ಕೆಂಪಗೆ ಗುಡ್ಡೆಯಾಗಿ ಬಿದ್ದಿತ್ತು. ಮೂವತ್ತು ವರ್ಷದ ಹಿಂದೆ ಧರ್ಮಪ್ಪ ಮೊದಲ ಸಲ ಚಟ್ಟ ಹತ್ತಿದ ಜಾಗ ಅಲ್ಲಿಂದ ಕಲ್ಲೆಸೆದರೆ ಬೀಳುವಷ್ಟು ದೂರ. ಚಟ್ಟ ಇಳಿಸಿದರು. ಪೂಜೆ ಮುಗಿಯಿತು, ಬಾಯಿಗೆ ಅಕ್ಕಿ ಹಾಕಿದ್ದೂ ಆಯಿತು. ಇಬ್ಬರು ಗುಣಿಯೊಳಗೆ ಇಳಿದು ಕೈ ಚಾಚಿದರು.

"ನಿಲ್ಲಿ" ಎಂದಳು ಹುಲಿಗೆಮ್ಮ.

ಹೆಣದ ತಲೆಯ ಬಳಿ ಕೂತು, ಮೂಗಿನ ಹತ್ತಿಯನ್ನು ನಾಲ್ಕನೆಯ ಸಲ ತೆಗೆದು ಬಿಸಾಡಿದಳು. ಸೆರಗಿನ ಗಂಟು ಬಿಚ್ಚಿದಳು. ತಾನು ಹೊಸೆದ ಜೋಡಿ ಹತ್ತಿಯನ್ನು ಒಂದೊಂದಾಗಿ ಇಟ್ಟಳು. ಎರಡು ಎಳೆಗಳು ಮೀಸೆಯ ಮೇಲೆ ಇಳಿಬಿದ್ದವು. ಪರಮೇಶನಿಗೆ ಆ ಹತ್ತಿಯ ಗುರುತು ಸಿಕ್ಕಿತು.

"ಅಕ್ಷಯಾ" ಎಂದಳು ಹುಲಿಗೆಮ್ಮ. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ, ಗಂಡನ ಮುಖವನ್ನೇ ನೋಡುತ್ತ ಹೇಳಿದಳು. "ನಾನು ಹತ್ರನೇ ಇದ್ದೆ. ಎಣಿಸ್ತಿದ್ದೆ. ನಲವತ್ತಕ್ಕೆ ಕೈ ಅಲ್ಲಾಡಿಸಿದ್ರು. ಅಲ್ಲಾಡಿಸ್ಬೇಡಿ ಅಂತ ಗದರಿಸ್ದೆ. ಆಮೇಲೆ ಅಲ್ಲಾಡಿಸ್ಲಿಲ್ಲ. ನೂರಿಪ್ಪತ್ತಕ್ಕೆ ಭೇಷ್ ಅಂದೆ. ಅಷ್ಟೊತ್ತಿಗೆ ಇದ್ರೋ ಇಲ್ವೋ ಗೊತ್ತಿಲ್ಲ. ಕಟ್ ಹೇಳ್ದೆ ಎದ್ದು ಹೋದೆ ಮಗಾ. ಇಲ್ಲೀ ತನಕ ಹೇಳಿಲ್ಲ. ಅವರು ಕಾಯ್ತಿದ್ರೆ?"

ಮುರಳಿಯ ಕೈಯಲ್ಲಿದ್ದ ಮಡಿಕೆ ಓರೆಯಾಗಿ ನೀರು ಚೆಲ್ಲಿತು. "ಅಮ್ಮಾ, ಏನ್ ಮಾತಾಡ್ತಿದೀಯ ನೀನು?" ಎಂದು ಒಂದು ಹೆಜ್ಜೆ ಮುಂದೆ ಬಂದ ಅವನನ್ನು ಅಕ್ಷಯಾ ಕೈ ಅಡ್ಡ ಹಿಡಿದು ತಡೆದಳು. ಅವಳ ಮುಖದಲ್ಲಿ ಏನಿತ್ತೋ ಹುಲಿಗೆಮ್ಮ ನೋಡಲಿಲ್ಲ. ಪಕ್ಕದಲ್ಲಿ ಮಗಳು ಮೊಣಕಾಲೂರಿ ಕೂತದ್ದು ಮಾತ್ರ ಗೊತ್ತಾಯಿತು.

"ಹೇಳಮ್ಮ" ಎಂದಳು ಅಕ್ಷಯಾ. "ಹೇಳ್ಬಿಡು."

ತಮಟೆಯವನು ಇನ್ನೂ ಮೆಲ್ಲಗೆ ಬಡಿಯುತ್ತಿದ್ದ. ಪರಮೇಶ್ ಅಭ್ಯಾಸಬಲದಿಂದ ಕೈಯೆತ್ತಿ, "ಸೈಲೆನ್ಸ್" ಎಂದುಬಿಟ್ಟ. ಎಂದ ಮೇಲೆ ನಾಚಿ ತಲೆ ತಗ್ಗಿಸಿದ. ಆದರೆ ತಮಟೆ ನಿಂತಿತು. ಗುಣಿಯೊಳಗಿನವರೂ ಕೈ ಚಾಚಿದಂತೆಯೇ ನಿಂತರು.

ಮೊದಲ ಸಲ ಹುಲಿಗೆಮ್ಮನಿಗೆ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು.

"ಕಟ್."

ಎಳೆ ಅಲ್ಲಾಡಿತು.

ಭೈರಪ್ಪ "ಅಯ್ಯಯ್ಯೋ" ಎಂದು ಹಿಂದಕ್ಕೆ ಹಾರಿದ. ಗುಣಿಯೊಳಗಿದ್ದ ಒಬ್ಬ ಮಣ್ಣು ಕೆರೆದುಕೊಂಡು ಮೇಲೆ ಹತ್ತಿ ಓಡಿದ. ಹುಲಿಗೆಮ್ಮನ ಜೀವವೆಲ್ಲ ಕಣ್ಣಿಗೆ ಬಂದು ನಿಂತಿತು. ಬಿಳೀ ಎಳೆ ಮೀಸೆಯಿಂದ ಎದ್ದು, ಅತ್ತ ಒಮ್ಮೆ ಇತ್ತ ಒಮ್ಮೆ ಆಡಿತು. ಅವಳು ಬಗ್ಗಿದಳು. ಅವಳ ಕೆನ್ನೆಗೂ ತಣ್ಣಗೆ ತಾಕಿತು, ಹೊಳೆಯ ಕಡೆಯಿಂದ ಬೀಸುತ್ತಿದ್ದ ಗಾಳಿ.

"ಗಾಳಿ ಕಣಮ್ಮ" ಎಂದಳು ಅಕ್ಷಯಾ, ಬಹಳ ಮೆತ್ತಗೆ. ಮುರಳಿಯ ಹೆಗಲ ಟವೆಲ್ ಕೇಳಿ ತಗೊಂಡು, ಒಂದು ತುದಿ ಅವನ ಕೈಗೇ ಕೊಟ್ಟಳು. ಅಕ್ಕ ತಮ್ಮ ಇಬ್ಬರೂ ಅದನ್ನು ಹೊಳೆಯ ಕಡೆಗೆ ಅಡ್ಡ ಹಿಡಿದರು. ಎಳೆಗಳು ಮತ್ತೆ ಮೀಸೆಯ ಮೇಲೆ ಮಲಗಿದವು.

"ಕಟ್ ಕಣ್ರೀ" ಎಂದಳು ಹುಲಿಗೆಮ್ಮ. "ಏಳ್ರೀ. ಕಾಫಿ ಮಾಡಿಟ್ಟಿದೀನಿ."

ಆಮೇಲೆ ಎಣಿಸತೊಡಗಿದಳು. ಮೊದಲು ತುಟಿಯಲ್ಲೇ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ. ನಲವತ್ತಕ್ಕೆ ಅವಳ ಎಣಿಕೆ ನಿಂತಿತು. ಅವಳ ಕಣ್ಣು ಗಂಡನ ಎಡಗೈಗೆ ಹೋಗಿತ್ತು. ಟವೆಲ್ ಹಿಡಿದೇ ಇದ್ದ ಅಕ್ಷಯಾ, "ನಲವತ್ತೊಂದು" ಎಂದಳು. ನಲವತ್ತೆರಡನ್ನು ಇಬ್ಬರೂ ಸೇರಿ ಹೇಳಿದರು. ಬಿಸಿಲು ನೆತ್ತಿಗೆ ಬಂದಿತ್ತು. ನೂರಿಪ್ಪತ್ತರ ತನಕ ಯಾರೂ ಅವಸರ ಮಾಡಲಿಲ್ಲ. ಎಳೆ ಅಲ್ಲಾಡಲಿಲ್ಲ.

ಹುಲಿಗೆಮ್ಮ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡಳು. ಬಲಗಡೆಯ ಹತ್ತಿಯನ್ನು ಒತ್ತಿದಳು, ನಡುವಿನ ದಾರಿ ಮುಚ್ಚಿಕೊಳ್ಳುವ ತನಕ. ಆಮೇಲೆ ಎಡಗಡೆಯದನ್ನು ಒತ್ತಿದಳು. ಹೊರಗೆ ಉಳಿದಿದ್ದ ಎರಡು ಎಳೆಗಳನ್ನೂ ಬೆರಳ ತುದಿಯಿಂದ ಒಳಗೆ ಸೇರಿಸಿ, ಮೀಸೆ ಸವರಿ ಸರಿಮಾಡಿದಳು.